ಅತ್ತೆಯ ಮಗ್ಗದಲ್ಲಿ ನನ್ನ ಏಳು ಗಂಟು

ಇನ್ನು ಮುಂದೆ ಯಂತ್ರಗಳೇ ಯೋಚಿಸುತ್ತವೆ, ಮನುಷ್ಯನ ಕಥೆ ಮುಗಿಯಿತು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನವನಗರದ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಸುಲಭಕ್ಕೆ ಸೋಲೊಪ್ಪುವ ಪೈಕಿ ಅಲ್ಲ. ಲಕ್ಷಕ್ಕೊಬ್ಬ ಮೇಧಾವಿ ಹುಟ್ಟುತ್ತಾನೆ, ಮನುಕುಲವನ್ನು ಅವನೇ ಕಾಯುತ್ತಾನೆ ಎಂಬುದು ನನ್ನ ಸಿದ್ಧಾಂತ. ಆ ಒಬ್ಬ ಯಾರೆಂದು ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವರೇ ತಿಳಿದುಕೊಳ್ಳಲಿ ಎಂದು ಕೊರಳಪಟ್ಟಿ ಸರಿಮಾಡಿಕೊಳ್ಳುತ್ತೇನೆ. ಈವರೆಗೆ ಯಾರೂ ತಿಳಿದುಕೊಂಡಿಲ್ಲ.

ಇದೇ ವಿಷಯದ ಮೇಲೆ ಮಾತಾಡಲು ಇಳಕಲ್ಲಿನವರು ಕರೆದರು. ಹಿಂದಿನ ದಿನವೇ ಹೋಗಿ ಅತ್ತೆಯ ಮನೆಯಲ್ಲಿಳಿದೆ. ಅತ್ತೆ ಗಂಗವ್ವ ಎಪ್ಪತ್ತರಲ್ಲೂ ಕೈಮಗ್ಗ ಬಿಟ್ಟಿಲ್ಲ. ಅವರ ಮೊಮ್ಮಗಳು, ನನ್ನ ಹೆಂಡತಿಯ ಅಣ್ಣನ ಮಗಳು ಸವಿತಾ ಸೋಮವಾರ ಕೆರೂರಿನ ಶಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಸೇರುವವಳಿದ್ದಳು. ಅಜ್ಜಿ ನೇಯ್ದ ಸೀರೆಯುಟ್ಟೇ ಮೊದಲ ಪಾಠ ಮಾಡುವುದೆಂದು ಹಟ ಹಿಡಿದಿದ್ದಳು. ಸೆರಗು ಮಾತ್ರ ಬಾಕಿಯಿತ್ತು. ಅತ್ತೆ ಸೀರೆಯ ಒಡಲಿನ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಕುಣಿಕೆಯೊಳಗೆ ಕುಣಿಕೆ ತೂರಿಸಿ ಕೂಡಿಸುತ್ತಿದ್ದರು, ಒಂದೊಂದಾಗಿ, ಗಂಟಿಲ್ಲದೆ. ಎದುರು ನಿಂತು ಭಾಷಣದ ತಾಲೀಮು ನಡೆಸಿದ್ದ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಗಂಟು ಹಾಕಿದರೆ ಘರ್ಷಣೆ ಹೆಚ್ಚು, ಬಿಗಿ ಹೆಚ್ಚು, ಸಮಯವೂ ಉಳಿತಾಯ! ಅವರು ಚಹಾಕ್ಕೆ ಎದ್ದಾಗ ಉಳಿದಿದ್ದ ಏಳು ಎಳೆಗೆ ಏಳು ಗಂಟು ಬಿಗಿದೇಬಿಟ್ಟೆ.

ಅತ್ತೆ ಬಂದು ನೇಯತೊಡಗಿದರು. ಗಂಟುಗಳು ಎಳೆಗಳು ಹಾಯುವ ಬಾಚಣಿಗೆಯಂಥ ಮಗ್ಗದ ಫಣಿಯ ಹಲ್ಲಿಗೆ ಸಿಕ್ಕಿ ಆರು ಎಳೆ ಪಟಪಟನೆ ಹರಿದವು. ಏಳನೆಯ ಗಂಟು ಹೇಗೋ ನುಸುಳಿತು.

"ಯಾರ ಮಾಡಿದ್ರು ಇದನ್ನ?"

"ನಾನರೀ. ಸಿದ್ಧಾಂತ ಖರೆ ಐತಿ, ನಿಮ್ಮ ಫಣೀನ ಸಣ್ಣದೈತಿ," ಎಂದೆ ಎದೆ ಸೆಟೆಸಿ.

ಸವಿತಾಳ ಕಣ್ಣು ತುಂಬಿದವು. ನನಗೆ ಬಹಳ ನಾಚಿಕೆಯಾಯಿತು, ತೋರಿಸಿಕೊಳ್ಳಲಿಲ್ಲ, ಅಷ್ಟೆ.

"ಅಳಬ್ಯಾಡ, ಸೋಮಾರ ಇದನ್ನ ಉಟಗೊಂಡು ಹೋಗ್ತಿ," ಎಂದು ಅವಳಿಗೆ ಹೇಳಿ ಅತ್ತೆ ನನ್ನತ್ತ ತಿರುಗಿದರು. "ಮಾಸ್ತರ, ಈ ದಾರ ಹಿಡೀರಿ. ಬಾಯಿ ಮುಚ್ಚಿ ಹಿಡೀರಿ."

ಸಂಜೆಯವರೆಗೆ ಹಿಡಿದೆ. ಅವರ ಬೆರಳುಗಳು ಕಣ್ಣಿನ ನೆರವಿಲ್ಲದೆ ಆರೂ ಎಳೆ ಹುಡುಕಿ ಕೂಡಿಸಿದವು. ತಡೆಯಲಾರದೆ, ಇಂಥ ವಿದ್ಯೆ ಕಲಿಸಿದವರು ಯಾರೆಂದು ಕೇಳಿದೆ.

"ಕಲಸೂದೇನೈತ್ರಿ? ಈ ಓಣ್ಯಾಗ ಎಲ್ಲಾರಿಗೂ ಬರತೈತಿ."

ನನ್ನ ಲಕ್ಷಕ್ಕೊಬ್ಬನ ಲೆಕ್ಕ ಅಲ್ಲೇ ಕೆಟ್ಟಿತು. ಮರುದಿನ ಭಾಷಣದಲ್ಲಿ ಯಂತ್ರಭಕ್ತರ ಮೇಲೆ ಗುಡುಗುವುದನ್ನೇನೂ ಬಿಡಲಿಲ್ಲ. ಮನುಷ್ಯ ಸೋಲುವುದಿಲ್ಲ ಎಂದೆ, ಈಗಲೂ ಅನ್ನುತ್ತೇನೆ. ಆದರೆ ಲಕ್ಷಕ್ಕೊಬ್ಬ ಎಂಬುದನ್ನು ಹೊಡೆದುಹಾಕಿ, ಓಣಿಗೆ ಓಣಿಯೇ ಮೇಧಾವಿಗಳಿರುತ್ತಾರೆ ಎಂದು ತಿದ್ದಿಕೊಂಡಿದ್ದೆ.

ಸೀರೆ ವೇಳೆಗೆ ಮಗ್ಗದಿಂದಿಳಿಯಿತು. ಉಳಿದ ಆ ಒಂದು ಗಂಟನ್ನು ಬಿಚ್ಚಲು ಹೋದ ಅತ್ತೆಯನ್ನು ಸವಿತಾ ತಡೆದಳು. "ಇರಲಿ ಬಿಡಜ್ಜಿ. ಹೆಂಗ ಕಟ್ಟಬಾರದು ಅಂತ ಹುಡುಗರಿಗೆ ತೋರಸ್ತೇನಿ."

ತೋರಿಸಿದಳಂತೆ. ಮನುಕುಲದ ಭವಿಷ್ಯಕ್ಕೆ ನನ್ನ ಕೊಡುಗೆ ಅಂತೂ ಸಂದಿತು. ಏಳರಲ್ಲಿ ಒಂದು ನಿಂತಿತಲ್ಲ, ಸಿದ್ಧಾಂತದಲ್ಲಿ ತಪ್ಪಿಲ್ಲ ಎಂದು ನಾನು ಇಂದಿಗೂ ವಾದಿಸುತ್ತೇನೆ. ನಾನು ಇಳಕಲ್ಲಿಗೆ ಹೋದಾಗಲೆಲ್ಲ ಅತ್ತೆ ಮೊದಲು ಮಗ್ಗದ ಕೋಣೆಗೆ ಬೀಗ ಹಾಕಿ, ಆಮೇಲೆ ನನಗೆ ನೀರು ಕೊಡುತ್ತಾರೆ.