ಸಾಫ್ಟ್‌ವೇರಿಗೊಂದು ಚಕ್ಕುಬಂದಿ

ನಮ್ಮ ಸೋದರಮಾವ ಬದುಕಿನಲ್ಲಿ ಕರಾರುಪತ್ರ ಬರೆಯದೆ ಮಾಡಿದ ವ್ಯವಹಾರ ಒಂದೇ ಒಂದು, ಅವರ ಮದುವೆ! ಅದಕ್ಕಾಗಿ ಇವತ್ತಿಗೂ ಪಶ್ಚಾತ್ತಾಪ ಪಡುತ್ತಿರುವವರು ಮಾವನೋ ಅತ್ತೆಯೋ ಎಂಬುದು ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಉಳಿದದ್ದೆಲ್ಲ ಕಾಗದದ ಮೇಲೆಯೇ. ಹಾಲಿನವನೊಂದಿಗೆ ಕರಾರು, ಪಕ್ಕದ ಮನೆಯವರಿಗೆ ಏಣಿ ಕೊಟ್ಟರೆ ಕರಾರು. ಒಮ್ಮೆ ಅತ್ತೆ ತವರಿಗೆ ಹೊರಟಾಗ "ವಾಪಸ್ ಬರೋ ದಿನ ಬರೆದಿಟ್ಟು ಹೋಗು" ಎಂದರಂತೆ. ಅತ್ತೆ ಬರೆದಿಟ್ಟೇ ಹೋದರು: "ಮನಸ್ಸು ಬಂದಾಗ."

ತಪ್ಪು ಮಾವನದಲ್ಲ ಬಿಡಿ, ಕಸುಬಿನದು. ಚಳ್ಳಕೆರೆಯ ನೋಂದಣಿ ಕಚೇರಿಯ ಎದುರು ಕೂತು ಹೊಲ ಮನೆಗಳ ಕ್ರಯಪತ್ರ ಬರೆಯುವುದು ಅವರ ಕೆಲಸ. ಊರಿಗೆಲ್ಲ ಅವರು "ರೈಟ್ರು". ಇಂಥವರ ಕೈಗೆ ನನ್ನ ಕಂಪನಿ ಸಿಕ್ಕಿಬಿದ್ದದ್ದು ನನ್ನ ಗ್ರಹಚಾರ!

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಹಳೆಯ ಕಂಪ್ಯೂಟರೊಂದನ್ನು ಕೊಂಡು, ಶೇಂಗಾ ಮಂಡಿಗಳಿಗೆ ಬಿಲ್ಲು ಮಾಡುವ ಸಾಫ್ಟ್‌ವೇರ್ ಬರೆದು ಮಾರುತ್ತೇನೆಂದು ಹೊರಟೆ. ಅವ್ವ ನಕ್ಕಳು. ಮಾವ ನಗಲಿಲ್ಲ. ತಾವು ಪತ್ರ ಬರೆಯುವ ಕೋಣೆಯಲ್ಲೇ ಅರ್ಧ ಜಾಗ ಬಿಟ್ಟುಕೊಟ್ಟರು. ಬಾಡಿಗೆ ಬೇಡ, ಒಂದೇ ಷರತ್ತು: ಕಂಪನಿಯ ಕರಾರುಗಳನ್ನೆಲ್ಲ ತಾವೇ ಬರೆಯಬೇಕು. ಆ ಷರತ್ತಿಗೂ ಒಂದು ಕರಾರುಪತ್ರ! ನಾನು ಓದದೆ ಸಹಿ ಹಾಕಿದೆ.

"ಓದ್ದಂಗೆ ಸಹಿ ಹಾಕ್ತೀಯಲ್ಲೇ, ಕಂಪನಿ ಹೆಂಗ್ ನಡೆಸ್ತೀಯಾ?" ಎಂದು ಬೈದರು.

ಸರಿ ಎಂದು ಓದತೊಡಗಿದೆ.

"ಅಂದ್ರೆ ನನ್ ಮ್ಯಾಲೆ ನಂಬಿಕೆ ಇಲ್ಲೇನೇ?" ಎಂದು ಅದಕ್ಕೂ ಬೈದರು!

ಮೊದಲ ಗಿರಾಕಿ ಮಾರುಕಟ್ಟೆಯ ಮಂಡಿ ಸಾಹುಕಾರರೊಬ್ಬರು. ಒಳ್ಳೆಯ ಮನುಷ್ಯ. ಮುಂಗಡ ಹಿಡಿದುಕೊಂಡೇ ಬಂದಿದ್ದರು. ನಾನಾಗಿದ್ದರೆ ಹಣ ಎಣಿಸಿ, ಕೈಮುಗಿದು, ಕೆಲಸ ಶುರು ಮಾಡುತ್ತಿದ್ದೆ. ಮಾವ ಕನ್ನಡಕ ಏರಿಸಿ, ಕರಾರುಪತ್ರವನ್ನು ರಾಗವಾಗಿ ಓದಿದರು. ಅದರಲ್ಲಿ ನನ್ನ ಸಾಫ್ಟ್‌ವೇರಿಗೆ ಚಕ್ಕುಬಂದಿ ಇತ್ತು! ಹೊಲ ಮಾರುವಾಗ ನಾಲ್ಕು ದಿಕ್ಕಿನ ಎಲ್ಲೆ ಬರೆಯುತ್ತಾರಲ್ಲ, ಹಾಗೆ. "ಪೂರ್ವಕ್ಕೆ ರೈತನ ಹೆಸರು ಬರೆಯುವ ಪರದೆ, ಪಶ್ಚಿಮಕ್ಕೆ ಪ್ರಿಂಟರು, ಉತ್ತರಕ್ಕೆ ತೂಕದ ಲೆಕ್ಕ, ದಕ್ಷಿಣಕ್ಕೆ ಕಮಿಷನ್ ಲೆಕ್ಕ. ಈ ಮಧ್ಯೆ ಇರತಕ್ಕಂಥ ಸಾಫ್ಟ್‌ವೇರನ್ನು ಸ್ವಸ್ಥ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ..."

ಸಾಹುಕಾರರು ಬೆವರು ಒರೆಸಿಕೊಂಡರು. "ತಂಗೀ, ನಾನು ಬಿಲ್ ಹಾಕೋ ಮಿಷನ್ ಕೇಳಾಕ್ ಬಂದೀನಿ. ರೈಟ್ರು ನನ್ ಮಂಡೀನೇ ಬರಸ್ಕೊಳ್ಳಂಗೆ ಕಾಣ್ತೈತಲ್ಲ!"

"ಮಂಡಿ ನಿಮ್ದೇ ಸಾಹುಕಾರ್ರೇ. ಸಾಫ್ಟ್‌ವೇರ್ ಮಾತ್ರ ನಿಮ್ದಲ್ಲ" ಎಂದರು ಮಾವ.

"ದುಡ್ಡು ಕೊಟ್ಟೋನು ನಾನಲ್ವೇನ್ರೀ?"

"ಗುತ್ತಿಗೆಗೆ ಕೊಟ್ಟಂಗೆ ಕಣ್ರೀ. ಬೆಳೆ ನಿಮ್ದು, ಹೊಲ ನಮ್ ಹುಡುಗೀದು. ನೀವು ಅದನ್ನ ಇನ್ನೊಬ್ರಿಗೆ ಮಾರಂಗಿಲ್ಲ."

ನಾನು ಮೇಜಿನಡಿ ಮಾವನ ಕಾಲು ತುಳಿದೆ. "ಯಾಕೇ ತುಳೀತೀಯಾ?" ಎಂದು ಗಟ್ಟಿಯಾಗಿ ಕೇಳಿದರು! ಸಾಹುಕಾರರು ನಕ್ಕುಬಿಟ್ಟರು, ನಗುತ್ತಲೇ ಸಹಿ ಹಾಕಿದರು. ಆ ದೇವರಂಥ ಮನುಷ್ಯನಿಗೆ ಎರಡನೇ ತಿಂಗಳಿಗೇ ಆಸೆ ಹುಟ್ಟಿತು. "ಹಂಗೇ ಒಂದೀಟು ಹಮಾಲರ ಕೂಲಿ ಲೆಕ್ಕಾನೂ ಸೇರ್ಸವ್ವ." ಸೇರಿಸಿದೆ. "ಹಂಗೇ ಒಂದೀಟು" ಎಂದು ಲಾರಿ ಬಾಡಿಗೆ ಬಂತು. ಕೊನೆಗೆ ಮಗಳ ಮದುವೆಗೆ ಕರೆಯಬೇಕಾದವರ ಹೆಸರುಗಳೂ ನನ್ನ ತಲೆಯ ಮೇಲೆಯೇ ಬಂದು ಕೂತವು! ನಾಚಿಕೆಗೆ ನಾನು ದುಡ್ಡು ಕೇಳಲಿಲ್ಲ. ಮಾವ ಕರಾರು ಹಿಡಿದುಕೊಂಡು ಹೋದರು. "ಸಾಹುಕಾರ್ರೇ, ಚಕ್ಕುಬಂದಿ ದಾಟಿದ್ದು ಒತ್ತುವರಿ ಆಗ್ತೈತೆ" ಎಂದರು. ಸಾಹುಕಾರರು ಹಣ ಕೊಟ್ಟರು. ಮದುವೆಗೂ ಕರೆದರು. ಊಟಕ್ಕೆ ಕೂತಾಗ ಮಾವನ ಎಲೆಯ ಮುಂದೆ ನಿಂತು, "ರೈಟ್ರೇ, ಹೋಳಿಗೆ ಎಷ್ಟು ಅಂತ ಕರಾರ್ನಾಗೆ ಇಲ್ಲ, ಉಣ್ಣಿ" ಎಂದರು!

ಇಷ್ಟಾದ ಮೇಲೆ ನನಗೂ ಕರಾರಿನ ಮೇಲೆ ಭಕ್ತಿ ಹುಟ್ಟಬೇಕಿತ್ತು, ಅಲ್ಲವೇ? ಹುಟ್ಟಿತ್ತು ಕೂಡ. ಮೊಳಕಾಲ್ಮೂರಿಗೆ ಹೋಗಿ ಬಂದ ಮೇಲೆ ಸತ್ತುಹೋಯಿತು!

ಅಲ್ಲಿ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ಮಗ್ಗದವರ ಕೂಲಿ, ನೂಲಿನ ಲೆಕ್ಕಕ್ಕೆಲ್ಲ ಸಾಫ್ಟ್‌ವೇರ್ ಬೇಕೆಂದು ಹೇಳಿಕಳಿಸಿದ್ದರು. ದೊಡ್ಡ ಕೆಲಸ. ಅದು ಸಿಕ್ಕರೆ ಇನ್ನೊಂದು ಕಂಪ್ಯೂಟರ್ ಕೊಳ್ಳುವ ಕನಸು ನನ್ನದು. ಮಾತು ಚೆನ್ನಾಗಿಯೇ ನಡೆಯಿತು. ಹಣದ ಮಾತು ಬಂದಾಗ ಅವರು, "ಡಬ್ಬುದೇನೈತಮ್ಮಾ, ಅರ್ಧ ರೊಕ್ಕ ಇಸ್ಕೋ, ಇನ್ನರ್ಧಕ್ಕೆ ಚೀರೆಲು ಉನ್ನಾಯಿ ಕದಾ!" ಎಂದು ತೆಲುಗು ಬೆರೆತ ಕನ್ನಡದಲ್ಲಿ ಹೇಳುತ್ತ ಸೀರೆಗಳನ್ನು ಹರವಿದರು. ನವಿಲುಗರಿಯ ಬಣ್ಣದ್ದೊಂದು ನನ್ನ ಮುಂದೆಯೇ ಬಿಚ್ಚಿಕೊಂಡಿತು. ನಾನು ಒಳಗೊಳಗೇ ಒಪ್ಪಿಬಿಟ್ಟೆ.

ಮಾವ ಪೆನ್ನು ತೆಗೆದರು. "ಸೀರೆ ಬೆಲೆ ಯಾವ್ ದಿನದ್ದು? ನೇಯ್ದ ದಿನದ್ದೋ, ನಮಗೆ ಕೊಟ್ಟ ದಿನದ್ದೋ? ಇನ್ನೊಂದು ಬರಕೊಳ್ಳಿ. ಸೀರೆ ಬಣ್ಣ ಬಿಟ್ರೆ ಸಾಫ್ಟ್‌ವೇರ್ ನಿಲ್ಲತಕ್ಕದ್ದು!"

ಮೊಳಕಾಲ್ಮೂರು ಸೀರೆ ಬಣ್ಣ ಬಿಡುತ್ತದೆಯೇ ಎಂದು ಮೊಳಕಾಲ್ಮೂರಿನಲ್ಲೇ ಕೂತು ಕೇಳುವುದೇ? ವ್ಯಾಪಾರಿಯ ಮುಖ ಕೆಂಪಾಯಿತು. ಸೀರೆ ಮಡಚಿದರು. ನಮಗೆ ಬಾಗಿಲು ತೋರಿಸಿದರು.

ಬಸ್ಸಿನಲ್ಲಿ ಕಿಟಕಿಗೆ ಮುಖಮಾಡಿ ಕೂತೆ. ಅರ್ಧ ದಾರಿಯ ತಳಕು ಊರು ಬಂದರೂ ತಿರುಗಿ ನೋಡಲಿಲ್ಲ. ಮಾವ ಮಂಡಕ್ಕಿ ಪೊಟ್ಟಣ ಮುಂದೆ ಹಿಡಿದು, "ಮಾತಾಡಂಗಿಲ್ಲ ಅಂತ ಎಷ್ಟು ದಿನಕ್ಕೆ ಕರಾರು?" ಎಂದು ಕೇಳಿದರು. ಇಂಥವರನ್ನು ಏನು ಮಾಡುವುದು, ನೀವೇ ಹೇಳಿ!

ಆದರೆ ನಿಜವಾದ ಆಪತ್ತು ಬಂದದ್ದು ಶೇಂಗಾ ಸುಗ್ಗಿಯಲ್ಲಿ. ಕರೆಂಟು ಏರಿಳಿದು ಸಾಹುಕಾರರ ಮಂಡಿಯ ಕಂಪ್ಯೂಟರ್ ಸುಟ್ಟುಹೋಯಿತು. ಬೇರೆಯದು ತಂದು ಸಾಫ್ಟ್‌ವೇರ್ ಹಾಕಿಕೊಡಲು ಬಲ್ಲವಳು ನಾನೊಬ್ಬಳೇ. ನಾನೋ ಕಾಮಾಲೆಯಾಗಿ, ಕಣ್ಣೆಲ್ಲ ಅರಿಸಿನವಾಗಿ, ಹಾಸಿಗೆ ಹಿಡಿದಿದ್ದೆ. ಆಗ ನೆನಪಾಯಿತು, ಮಾವ ಕರಾರಿನಲ್ಲಿ ನಮ್ಮ ಕಾಲಿಗೂ ಒಂದು ಹಗ್ಗ ಕಟ್ಟಿದ್ದರು: ಸಾಫ್ಟ್‌ವೇರ್ ನಿಂತರೆ, ಸರಿಯಾಗುವ ತನಕ ಬಿಲ್ಲಿನ ಕೆಲಸ ನಮ್ಮ ಜವಾಬ್ದಾರಿ, ತಪ್ಪಿದರೆ ತೆಗೆದುಕೊಂಡ ಹಣವೆಲ್ಲ ವಾಪಸ್ಸು! ಅಂಥ ಷರತ್ತು ಯಾಕೆಂದು ಅಂದೇ ಜಗಳವಾಡಿದ್ದೆ. "ಒಂದೇ ಕಡೆ ಕಟ್ಟಿ ಹಾಕೋದು ಕರಾರಲ್ಲ ಕಣೇ, ಉರುಲು" ಎಂದಿದ್ದರು.

ಹಣವೆಲ್ಲ ಯಾವಾಗಲೋ ಖರ್ಚಾಗಿತ್ತು. ಕಂಪನಿ ಮುಳುಗಿತು ಎಂದು ಗೋಡೆಗೆ ತಿರುಗಿ ಅತ್ತುಬಿಟ್ಟೆ. ಮಾವನನ್ನು ಮನಸಾರೆ ಶಪಿಸಿದೆ. ಅವರು ನೋಡಲೂ ಬರಲಿಲ್ಲ. ಅವ್ವನನ್ನು ಕೇಳಿದರೆ "ಮಂಡೀಗೆ ಹೋಗ್ಯಾನೆ" ಎನ್ನುತ್ತಿದ್ದಳು, ಅಷ್ಟೇ. ರಾಜಿ ಮಾತಾಡುತ್ತಿರಬೇಕು, ಅದನ್ನೂ ಕೆಡಿಸಿಕೊಂಡು ಬರುತ್ತಾರೆ ಎಂದುಕೊಂಡೆ.

ಎದ್ದು ನಿಲ್ಲುವಷ್ಟಾದ ದಿನ ಆಟೋ ಹತ್ತಿ ಮಂಡಿಗೆ ಹೋದೆ. ಶೇಂಗಾ ಚೀಲಗಳ ನಡುವೆ, ಧೂಳಿನಲ್ಲಿ, ಮಾವ ಕೂತಿದ್ದರು. ತೂಕ ಕೂಗುತ್ತಿದ್ದಂತೆ ರೈತರಿಗೆ ಕೈಯಲ್ಲೇ ಬಿಲ್ಲು ಬರೆದು ಕೊಡುತ್ತಿದ್ದರು. ತಮ್ಮ ಕ್ರಯಪತ್ರದ ಕೆಲಸವನ್ನೆಲ್ಲ ಬಿಟ್ಟು, ಬೆಳಗಿನಿಂದ ಕತ್ತಲಾಗುವ ತನಕ ದಿನವೂ ಅದೇ ಕೆಲಸವಂತೆ.

ಸಾಹುಕಾರರು ಓಡಿ ಬಂದರು. "ನಾನೇ ಬ್ಯಾಡ ಅಂದೆ ತಂಗೀ. ಷರತ್ತು ಹಾಳಾಗ್ಲಿ, ಹುಡುಗಿ ಹುಷಾರಾಗ್ಲಿ, ನಮ್ಮ ಹುಡುಗ್ರು ಹೆಂಗೋ ಬರಕೊಂತಾರೆ ಅಂದೆ. ಕೇಳವಲ್ಲ ಈ ಮನುಷ್ಯ!"

ಮಾವ ತಲೆ ಎತ್ತಲಿಲ್ಲ. "ನೀವೇನೋ ಒಳ್ಳೆತನಕ್ಕೆ ಬಿಡ್ತೀರಿ. ನಾಳೆ ಊರು ಏನಂತೈತೆ? ಹೆಣ್ಣುಡುಗಿ ಕಂಪನಿ, ಪಾಪ ಅಂತ ಬಿಟ್ರು ಅಂತೈತೆ. ನಮ್ ಹುಡುಗಿ ಪಾಪ ಅಂತ ಅನ್ನಿಸ್ಕೊಳ್ಳಾಕೆ ಕಂಪನಿ ಮಾಡಿಲ್ಲ" ಎಂದರು.

ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಬೈಗುಳ ಎಲ್ಲಿ ಹೋಯಿತೋ. ಅವರ ಪಕ್ಕ ಚೀಲಕ್ಕೆ ಒರಗಿ ಕೂತೆ.

"ಎದ್ದು ಬಂದೀಯಲ್ಲ, ಡಾಕ್ಟ್ರು ಬರಕೊಟ್ರೇನೇ?" ಎಂದರು.

ನಾನು ಪೆನ್ನು ಕಸಿದುಕೊಳ್ಳಲು ಹೋದೆ. ಅದು ಬರಲಿಲ್ಲ. ಹಿಡಿದೂ ಹಿಡಿದೂ ಬೆರಳುಗಳು ಹಾಗೆಯೇ ಮಡಚಿಕೊಂಡು ನಿಂತಿದ್ದವು, ಶಾಯಿಯಲ್ಲಿ ಕಪ್ಪಾಗಿ. ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಮಾವ ಮುಖವನ್ನು ಆಚೆ ತಿರುಗಿಸಿಕೊಂಡರು.

"ಬೇಗ ಬಿಡಿಸೇ" ಎಂದರು. "ರೈತರು ಕಾಯ್ತಾ ಅವ್ರೆ."