ಗಿಲಕಿಗೆ ಕಟ್ಟಿದ ದಾರ

"ಇವತ್ತಿನಿಂದ ಈ ಮನೆಯಲ್ಲಿ ಶಿಸ್ತು!" ಅಳತೆ ಟೇಪನ್ನು ವಿಜಯಮಾಲೆಯಂತೆ ಕೊರಳಿಗೆ ಹಾಕಿಕೊಂಡು ಟೈಲರ್ ಘೋಷಿಸಿದ. "ಅತ್ತಾಗಲೆಲ್ಲ ಓಡಿ ಹೋಗಿ ಎತ್ಕೊಂಡು ನೀನೇ ಮಗಳನ್ನ ಹಾಳು ಮಾಡಿದ್ದು ಕಣೇ."

"ಇನ್ನೂ ಹಲ್ಲೇ ಬಂದಿಲ್ಲ ಅವಳಿಗೆ, ಹಾಳಾಗೋದು ಎಲ್ಲಿಂದ ಬಂತು ರೀ?" ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. "ಕೆಲಸ ಮುಗಿಸಿ ಸಂಜೆ ಬರ್ತೀನಿ. ಬ್ಯಾಂಡ್ ಮಾಸ್ತರ ಕೋಟು ಅಷ್ಟರಲ್ಲಿ ರೆಡಿ ಇರಲಿ. ಈ ಸಲವೂ ಕೆಡಿಸಿದ್ರೆ ಅವರ ತಂಡದ ಯೂನಿಫಾರ್ಮೆಲ್ಲ ಎದುರಂಗಡಿ ಪಾಲು."

ಕೋಟಿನಲ್ಲಿ ಉಳಿದದ್ದು ಬಲತೋಳಿನ ಅಂಚೊಂದೇ. ಟೈಲರ್ ಮಷಿನ್ ಮುಂದೆ ಕೂತನೋ ಇಲ್ಲವೋ, ಸರಳುಗಳ ಮಂಚದಲ್ಲಿದ್ದ ಮಗಳು ಗಿಲಕಿಯನ್ನು ಹೊರಗೆಸೆದು ಕಿರುಚಿದಳು. ಅವಳ ದುಂಡು ಮುಖ ನೋಡಿ ಅಪ್ಪನೇ ಇಟ್ಟ ಮುದ್ದಿನ ಹೆಸರು ಗುಂಡಿ. ಅವನು ಎತ್ತಿಕೊಟ್ಟ. ನಕ್ಕಳು, ಮತ್ತೆ ಎಸೆದಳು. ಎತ್ತಿ ಕೊಟ್ಟೂ ಕೊಟ್ಟೂ ಸೊಂಟ ಬಿದ್ದುಹೋಗುವ ಹಾಗಾಯಿತು.

ಆಗ ಮಹಾನುಭಾವನಿಗೆ ಉಪಾಯ ಹೊಳೆಯಿತು. ಕೋಟಿನ ಗುಂಡಿ ಹೊಲಿಯುವ ಗಟ್ಟಿ ದಾರವನ್ನು ಗಿಲಕಿಗೆ ಬಿಗಿದು, ಸರಳಿನ ಸಂದಿಯಿಂದ ತೂರಿಸಿ, ಇನ್ನೊಂದು ತುದಿಯನ್ನು ತನ್ನ ಬಲಗಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡ. ಮಗು ಎಸೆದಾಗ ಕಾಲು ಹಿಂದಕ್ಕೆಳೆದರೆ ಸಾಕು, ಗಿಲಕಿ ಮಂಚಕ್ಕೆ ವಾಪಸ್ಸು. ಏಳುವಂತಿಲ್ಲ, ಮುದ್ದಿಸುವಂತಿಲ್ಲ. ಅಪ್ಪಟ ಶಿಸ್ತು.

ಸ್ವಲ್ಪ ಹೊತ್ತು ಎಲ್ಲ ಸುಸೂತ್ರ. ಆಮೇಲೆ ಗುಂಡಿಗೂ ಒಂದು ಉಪಾಯ ಹೊಳೆಯಿತು. ಗಿಲಕಿ ಎಸೆಯುವುದನ್ನು ಬಿಟ್ಟು ದಾರವನ್ನೇ ಎಳೆದಳು. ಅಪ್ಪ ಹೌಹಾರಿ, "ಬಂದೆ, ಬಂದೆ!" ಎಂದು ತಿರುಗಿದ. ಇದಲ್ಲವೇ ಆಟ! ಅವಳು ಎಳೆದಾಗಲೆಲ್ಲ ಕಾಲು ಜಾರಿ ಪೆಡಲ್ ಮೇಲೆ ಬೀಳುತ್ತಿತ್ತು, ಅವನ ಕಣ್ಣು ಮಗಳ ಕಡೆಗಿರುತ್ತಿತ್ತು, ಮಷಿನ್ನಿನ ಮೋಟಾರು ಮಾತ್ರ ನಿಷ್ಠೆಯಿಂದ ಕೋಟು ಹೊಲಿಯುತ್ತಿತ್ತು.

ಅಷ್ಟರಲ್ಲಿ ಬ್ಯಾಂಡ್ ಮಾಸ್ತರರು ಬಂದೇ ಬಂದರು. ಮೀಸೆ ತಿರುವುತ್ತ ಕೋಟು ತೊಟ್ಟರು. ಎಡಗೈ ಹೊರಬಂತು. ಬಲಗೈ ಬರಲೇ ಇಲ್ಲ.

"ನನ್ನ ಕೈ ಎಲ್ಲಿ ಹೋಯ್ತಪ್ಪಾ? ಇನ್ನೊಂದು ಗಂಟೇಲಿ ವೇದಿಕೆ ಮೇಲಿರ್ಬೇಕು!"

ತೋಳಿನ ಬಾಯಿ ಗೋಣಿಚೀಲದಂತೆ ಹೊಲಿದುಹೋಗಿತ್ತು. ಟೈಲರ್ ಕೋಟನ್ನು ಕಳಚಿಸಿಕೊಂಡು ಬೆವರುತ್ತ ಹೊಲಿಗೆ ಬಿಚ್ಚತೊಡಗಿದ. ಗುಂಡಿ ದಾರ ಎಳೆದಳು. "ಬಂದೆ, ಬಂದೆ!" ಮಾಸ್ತರರು ಅವನ ಕಾಲನ್ನೂ ಮಂಚವನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗುವನ್ನು ಎತ್ತಿಕೊಂಡರು. ಅವಳು ಗಿಲಕಿಯನ್ನು ತಿರುಗಿಯೂ ನೋಡದೆ, ಅವರ ಮೀಸೆ ಹಿಡಿದು ಸುಮ್ಮನಾದಳು. ಅವಳಿಗೆ ಬೇಕಾಗಿದ್ದದ್ದು ಗಿಲಕಿಯಲ್ಲ, ಜೊತೆ. ಇಷ್ಟೂ ತಿಳಿಯಲಿಲ್ಲವಲ್ಲ ಎಂದು ಅಪ್ಪನಿಗೆ ನಾಚಿಕೆಯೂ ಆಯಿತು, ಆ ಮೀಸೆಯ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಹೆಂಡತಿ ಬರುವ ಹೊತ್ತಿಗೆ ಮಾಸ್ತರರು ಎರಡೂ ಕೈ ಬೀಸುತ್ತ ಬಾಗಿಲು ದಾಟುತ್ತಿದ್ದರು. "ಯೂನಿಫಾರ್ಮೂ ನಿಮ್ಮಲ್ಲೇ. ಆದ್ರೆ ಅಳತೆ ತಗೊಳ್ಳೋಕೆ ಬರುವಾಗ ಇವನ ಕಾಲು ಬಿಚ್ಚಿ ಕಳಿಸಮ್ಮ."

ನಡೆದದ್ದೆಲ್ಲ ಕೇಳಿದ ಮೇಲೆ, ದಾರ ಕತ್ತರಿಸಲು ಹೊರಟವನ ಕೈಯಿಂದ ಹೆಂಡತಿ ಕತ್ತರಿ ಕಸಿದುಕೊಂಡಳು.

"ಇರಲಿ ಬಿಡಿ. ಮದುವೆಯಾದಾಗಿನಿಂದ ಅಡುಗೆಮನೆಯಿಂದ ಕರೆದೂ ಕರೆದೂ ನನ್ನ ಗಂಟಲು ಒಣಗಿದೆ. ಒಂದು ದಿನವಾದ್ರೂ ಮಷಿನ್ ಬಿಟ್ಟು ಎದ್ದಿದ್ದೀರಾ?" ಎನ್ನುತ್ತಾ ದಾರವನ್ನು ಮೆಲ್ಲಗೆ ಎಳೆದು ನೋಡಿದಳು.

"ಬಂದೆ, ಬಂದೆ!" ಟೈಲರ್ ಎದ್ದು ನಿಂತಿದ್ದ.