ಟರ್ಕಿಯವರ ಒದ್ದೆ ಕೈ

ಟರ್ಕಿ ದೇಶದವರು ಅಣು ವಿದ್ಯುತ್ ಸ್ಥಾವರ ಕಟ್ಟದಂತೆ ತಡೆದವರು ನಮ್ಮ ಸೋದರಮಾವ! ನೀವು ನಗುತ್ತೀರಿ, ಗೊತ್ತು. ಟರ್ಕಿಯವರಿಗೂ ಈ ಸಂಗತಿ ಇದುವರೆಗೆ ತಿಳಿದಿಲ್ಲ. ಹನುಮಂತನಪಟ್ಟಿಯ ಟೀ ಅಂಗಡಿಯ ಬೆಂಚಿನ ಮೇಲೆ ಒಂದು ಕಾಲು ಮಡಚಿ ಕುಳಿತು ಮಾಮ ಆ ದೇಶಕ್ಕೆ ಅನುಮತಿ ನಿರಾಕರಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಅದು ಟರ್ಕಿಯೇ ಆಗಿತ್ತೇ? ಇಂಡೋನೇಷ್ಯಾ ಇರಬಹುದೇ? ಇಷ್ಟು ವರ್ಷಗಳಾದ ಮೇಲೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮಾಮನಿಗಂತೂ ದೇಶ ವಾರಕ್ಕೊಂದರಂತೆ ಬದಲಾಗುತ್ತಿತ್ತು. ಬದಲಾಗದೆ ಉಳಿಯುತ್ತಿದ್ದದ್ದು ಅವರ ಪ್ರಶ್ನೆ.

"ಅವ್ರಿಗೆ ಅನುಭವಂ ಐತಾ?"

ತೊಂಬತ್ತರ ದಶಕದ ಕೊನೆಯ ಮಾತು ಇದು. ರಾಜಸ್ಥಾನದ ಮರಳಿನಲ್ಲಿ ಬಾಂಬು ಪರೀಕ್ಷೆ ನಡೆದ ಮೇಲೆ ನಮ್ಮ ಊರಿರುವ ಕಂಬಂ ಕಣಿವೆಯಲ್ಲಿ ಎಲ್ಲರಿಗೂ ಅಣುವಿನ ಬಗ್ಗೆ ಒಂದೊಂದು ಅಭಿಪ್ರಾಯ ಹುಟ್ಟಿಕೊಂಡಿತ್ತು. ದ್ರಾಕ್ಷಿ ಎಲೆಗೆ ಬೂಷ್ಟು ಹಿಡಿದರೂ ಅಣು, ಮಳೆ ತಡವಾದರೂ ಅಣು! ನಾನು ಮಧುರೈಯಲ್ಲಿ ಎಂ.ಎ. ಮುಗಿಸಿ, ಮುಂದೇನು ಎಂದು ತಿಳಿಯದೆ ಮಾಮನ ಮನೆಯಲ್ಲಿ ಉಂಡುಕೊಂಡು ಡೈರಿ ಬರೆಯುತ್ತಿದ್ದೆ. ನಾವು ಮನೆಯಲ್ಲಿ ಆಡುವುದು ಕನ್ನಡ. ಮೈಸೂರಿನವರು ಕೇಳಿದರೆ ಅದನ್ನು ತಮಿಳು ಎನ್ನುತ್ತಾರೆ, ತಮಿಳರು ಕೇಳಿದರೆ ತೆಲುಗು ಎನ್ನುತ್ತಾರೆ. ಆ ಭಾಷೆಯಲ್ಲೇ ಮಾಮ ಜಗತ್ತಿನ ಇಂಧನ ನೀತಿಯನ್ನು ನಿರ್ಧರಿಸುತ್ತಿದ್ದರು.

ಟೀ ಅಂಗಡಿಯಲ್ಲಿ ಅವರಿಗೆ ಎದುರಾಳಿ ಎಂದರೆ ನಿವೃತ್ತ ಮೇಷ್ಟ್ರು. ಊರಿಗೆಲ್ಲ ಅವರು ವಾತ್ಯಾರ್.

"ಅಲ್ಲ ಗೌಡ್ರೇ, ಕಟ್ಟದೆ ಇದ್ರೆ ಅನುಭವಂ ಎಲ್ಲಿಂದ ಬತ್ತದೆ? ನಮ್ಮ ಪಟ್ಟದ ಕಾಳೆ ಪಟ್ಟಕ್ಕೆ ಬರೋಕೆ ಮುಂಚೆ ಎಲ್ಲಿ ವೇಲೆ ಕೆಲ್ಸ ಮಾಡಿತ್ತು?" ಎಂದು ವಾತ್ಯಾರ್ ಒಮ್ಮೆ ಕೇಳಿಯೇಬಿಟ್ಟರು.

ಪೆಟ್ಟು ಬಲವಾಗಿತ್ತು. ಪಟ್ಟದ ಕಾಳೆ ಎಂದರೆ ಕಂಬಂನಲ್ಲಿ ನಮ್ಮವರು ದೇವರಂತೆ ಸಾಕುವ ಹೋರಿ. ಹಳೆಯದು ತೀರಿಕೊಂಡರೆ ಹೊಸ ಹೋರಿಗಳ ಮುಂದೆ ಕಬ್ಬು ಇಡುತ್ತಾರೆ, ಬಂದು ಬಾಯಿ ಹಾಕಿದ್ದಕ್ಕೆ ಪಟ್ಟ. ಅದರ ಅನುಭವವನ್ನು ಯಾರೂ ವಿಚಾರಿಸುವುದಿಲ್ಲ.

ಮಾಮ ಟೀ ಲೋಟ ಕೆಳಗಿಟ್ಟರು. "ಕಾಳೆ ಬೆದರಿದ್ರೆ ಒಂದು ಬೀದಿ ಓಡ್ತದೆ, ವಾತ್ಯಾರೆ. ಅಣು ಬೆದರಿದ್ರೆ ಜಿಲ್ಲೆಗೆ ಜಿಲ್ಲೆನೇ ಓಡ್ಬೇಕು!"

"ಅದ್ಸರಿ ಗೌಡ್ರೇ, ಆ ಟರ್ಕಿ ಎಲ್ಲೈತೆ?" ಎಂದ ಅಂಗಡಿಯವನು, ಟೀ ಎತ್ತಿ ಹೊಯ್ಯುತ್ತಾ.

"ಎಲ್ಲಾದ್ರೂ ಇರ್ಲಿ ಬುಡು. ಅವ್ರ ಕೈ ಒಣಗೈತಾ ಇಲ್ವಾ, ಅದ್ ಹೇಳು!"

ಈ ಕೈಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಬೇರೆಯವರ ಮನೆಗೆ ನೆಂಟರು ಬಂದರೆ ಕೈಕಾಲಿಗೆ ನೀರು ಕೊಡುತ್ತಾರೆ. ಮಾಮನ ಮನೆಯಲ್ಲಿ ಟವೆಲು ಕೊಡುತ್ತಿದ್ದರು! ಫ್ಯಾನಿನ ಸ್ವಿಚ್ಚಿನತ್ತ ನಿಮ್ಮ ಕೈ ಹೋಯಿತೋ, "ಕೈ ತೋರ್ಸು" ಎನ್ನುವ ಕೂಗು ಬರುತ್ತಿತ್ತು. ಅಂಗೈ ತೋರಿಸಬೇಕು, ಮಗುಚಿ ತೋರಿಸಬೇಕು. ಬೆವರಿದ್ದರೂ ಅನರ್ಹ. ಅವರ ಭುಜದ ಮೇಲೆ ಸದಾ ಒಂದು ಟವೆಲು ಇರುತ್ತಿತ್ತು. ಅದು ಅಲಂಕಾರಕ್ಕಲ್ಲ, ಸಾರ್ವಜನಿಕ ಸೇವೆಗೆ. ಕೊಂಬೈಯಲ್ಲಿ ಒಂದು ಮದುವೆ. ಪುರೋಹಿತರು ತೀರ್ಥ ಚಿಮುಕಿಸಿದ ಕೈಯಲ್ಲೇ ಮೈಕನ್ನು ಹತ್ತಿರ ಎಳೆದುಕೊಳ್ಳಲು ಹೋದರು. ಮಾಮ ಮಂಟಪಕ್ಕೆ ಹಾರಿ ಅವರ ಮುಂಗೈ ಹಿಡಿದುಬಿಟ್ಟರು. "ಸಾಮೀ, ಕೈ ಒರ್ಸ್ಕೊಳ್ಳಿ. ತಾಳಿ ಆಮೇಲೆ." ಮುಹೂರ್ತ ಕಾಯಿತು, ಗಂಡು ಕಾದ, ನಾದಸ್ವರದವನು ಉಸಿರು ಕಟ್ಟಿಕೊಂಡು ಕಾದ. ಪುರೋಹಿತರು ಬೆರಳ ಸಂದಿಯನ್ನೂ ಒರೆಸಿಕೊಂಡ ಮೇಲೆಯೇ ಮದುವೆ ನಡೆದದ್ದು!

ಇನ್ನು ತೋಟದ ಬಾವಿಯ ಮೋಟಾರ್ ರೂಮು. ಅದರ ಬಾಗಿಲಿಗೆ ದಿಂಡಿಗಲ್ಲಿನ ಬೀಗ, ಬೀಗದ ಕೈ ಮಾಮನ ಉಡಿದಾರದಲ್ಲಿ. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಅವರೇ ಎದ್ದು ಹೋಗಿ ಸ್ಟಾರ್ಟರ್ ಹಾಕಬೇಕು. ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗುತ್ತಿದ್ದರೇ ಹೊರತು ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟವರಲ್ಲ. ಅವರ ಒಬ್ಬಳೇ ಮಗಳು ದಿಂಡಿಗಲ್ಲಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಬಂದಳು. ಅವಳಿಗೂ ಆ ಬಾಗಿಲು ತೆರೆಯಲಿಲ್ಲ.

ಹೀಗಿರುವಾಗ ಅವಳಿಗೊಂದು ಕರೆ ಬಂತು. ಎಲ್ಲಿಂದ ಬರಬೇಕು ಹೇಳಿ? ಸಮುದ್ರ ತೀರದ ಒಂದು ಅಣು ವಿದ್ಯುತ್ ಸ್ಥಾವರದಿಂದ! ಬಂದು ತರಬೇತಿಗೆ ಸೇರಿಕೊಳ್ಳಬೇಕಂತೆ.

ಮಾಮ ಟರ್ಕಿಗೆ ಕೊಟ್ಟ ಉತ್ತರವನ್ನೇ ಮಗಳಿಗೂ ಕೊಟ್ಟರು. "ನಮ್ಮ ವಂಶದಲ್ಲಿ ಯಾರ್ಗೂ ಆ ಅನುಭವಂ ಇಲ್ಲ. ಬೇಡ ತಾಯಿ."

"ಟ್ರೈನಿಂಗ್ ಅಂದ್ರೇನೇ ಅನುಭವಂ ಇಲ್ದೋರ್ಗೆ, ಅಪ್ಪಾ!"

"ಮೊದ್ಲು ಬೇರೆ ಯಾರಾದ್ರೂ ಓಗ್ಲಿ."

ಸುದ್ದಿ ತಿಳಿದು ಬಂದ ನೆಂಟರು ಸುಲಭದ ದಾರಿ ತೋರಿಸಿದರು. ನಮ್ಮಲ್ಲಿ ಸೋದರಮಾವನ ಮಗಳೆಂದರೆ ಅಕ್ಕನ ಮಗನಿಗೆ ಮುರೈ, ಅಂದರೆ ಹಕ್ಕಿನ ಹೆಣ್ಣು. "ಮಾಪ್ಳೆ ಮನೆಯಾಗೇ ಕುಂತವ್ನಲ್ಲ, ತಾಳಿ ಕಟ್ಸಿಬುಡಿ" ಎಂದು ನನ್ನತ್ತ ನೋಡಿದರು. ನಾನು ಡೈರಿಯೊಳಗೆ ಮುಖ ಹುದುಗಿಸಿದೆ. ನನ್ನನ್ನು ಮಚ್ಚಾನ್ ಎಂದು ಕರೆಯುತ್ತಿದ್ದ ಅವಳು ಮಾತ್ರ ಶಾಂತವಾಗಿ ಕೇಳಿದಳು.

"ಅಪ್ಪಾ, ಮಚ್ಚಾನ್‌ಗೆ ಸಂಸಾರ ಮಾಡಿ ಅನುಭವಂ ಐತಾ?"

ಮಾಮ ಟವೆಲನ್ನು ಕೊಡವಿ ಇನ್ನೊಂದು ಭುಜಕ್ಕೆ ಹಾಕಿಕೊಂಡರು. ತಾಳಿಯ ಮಾತು ಅಲ್ಲಿಗೇ ನಿಂತಿತು. ನನ್ನನ್ನು ಟರ್ಕಿಯ ಸಾಲಿಗೆ ಸೇರಿಸಿದ್ದಕ್ಕೆ ಸ್ವಲ್ಪ ನೋವಾಯಿತು. ಸ್ವಲ್ಪ ಹಗುರವೂ ಆಯಿತು, ಸುಳ್ಳೇಕೆ?

ಆ ಗೆಲುವಿನ ಬಿಸಿಯಲ್ಲೇ ಅವಳು ಪಂದ್ಯ ಕಟ್ಟಿದಳು. ಅಟ್ಟದ ಮೇಲೆ ಒಂದು ಪ್ರೆಷರ್ ಕುಕ್ಕರ್ ಇತ್ತು. ದಿಂಡಿಗಲ್ಲಿನಿಂದ ಅವಳೇ ತಂದದ್ದು. "ಕುಕ್ಕರ್ ಅನುಭವಂ ಇಲ್ದ ಮನೆ" ಎಂದು ಮಾಮ ಒಲೆ ಹತ್ತಿರ ಬಿಟ್ಟಿರಲಿಲ್ಲ. ಅದರಲ್ಲಿ ಒಂದು ದಿನ ಅಪಾಯವಿಲ್ಲದೆ ಬೇಳೆ ಬೆಂದರೆ ಅವಳನ್ನು ತರಬೇತಿಗೆ ಕಳಿಸಬೇಕು, ಇದು ಅವಳ ಷರತ್ತು. ಮಾಮ ಬಹಳ ಯೋಚಿಸಿ ಒಪ್ಪಿದರು. ಆದರೆ ಕುಕ್ಕರನ್ನು ನಡೆಸುವವರು ಅನುಭವಸ್ಥರೇ ಆಗಿರಬೇಕು, ಇದು ಅವರ ಷರತ್ತು.

ಹಾಗಾಗಿ ನಿಲಕ್ಕೋಟ್ಟೈಯಿಂದ ಪರಿಣತರನ್ನು ಕರೆಸಲಾಯಿತು. ಅತ್ತೆಯ ಅಕ್ಕ, ಮಾಮನ ಮಗಳಿಗೆ ದೊಡ್ಡಮ್ಮ. ಅವರ ಮನೆಯಲ್ಲಿ ಕುಕ್ಕರ್ ಬಂದು ಎಷ್ಟೋ ವರ್ಷಗಳಾಗಿದ್ದವು. ಒಂದು ಮೊಳ ಮಲ್ಲಿಗೆ ಮುಡಿದು ಬಸ್ಸಿಳಿದ ಅವರ ನಡಿಗೆ ನೋಡಬೇಕಿತ್ತು! ಯಾವ ದೇಶದ ವಿಜ್ಞಾನಿಯೂ ವಿಮಾನದಿಂದ ಅಷ್ಟು ಗತ್ತಿನಲ್ಲಿ ಇಳಿದಿರಲಾರ.

ಮಾಮನ ಸಿದ್ಧತೆಯೂ ಕಡಿಮೆಯದಲ್ಲ. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿದರು. ಮೇಕೆಗಳನ್ನು ಹಿತ್ತಲಿನಿಂದ ತೋಟಕ್ಕೆ ಸ್ಥಳಾಂತರಿಸಿದರು. ಮನೆಯ ಕೊಂಬೈ ನಾಯಿಯನ್ನು ಮಾತ್ರ ಹಗ್ಗದ ಪಕ್ಕ ಕಾವಲಿಗೆ ಕೂರಿಸಿದರು. ಕಾಡುಹಂದಿಗೂ ಹೆದರದ ತಳಿ, ನೋಡಿ!

ದೊಡ್ಡಮ್ಮ ಕುಕ್ಕರಿಗೆ ತೊಗರಿಬೇಳೆ ಸುರಿದರು. ಮತ್ತೂ ಸುರಿದರು.

"ದೊಡ್ಡಮ್ಮಾ, ಅರ್ಧಕ್ಕಿಂತ ಜಾಸ್ತಿ ಬೇಳೆ ಆಕ್ಬಾರ್ದಂತೆ. ಇದ್ರ ಜೊತೆ ಬಂದ ಪುಸ್ತಕದಲ್ಲೈತೆ."

"ನಾನು ಪುಸ್ತಕ ನೋಡಿ ಬೇಯಿಸ್ದೋಳಾ? ನಮ್ಮನೇಲಿ ಇಷ್ಟೇ ಆಕೋದು."

"ನಿಮ್ಮದು ದೊಡ್ಡ ಕುಕ್ಕರ್. ಇದು ಚಿಕ್ಕದು."

"ಏ ಸುಮ್ಕಿರು ಪುಳ್ಳೆ!"

ಕೂತು ಕಾದೆವು. ಸೀಟಿ ಬರಲಿಲ್ಲ. ದೊಡ್ಡಮ್ಮ "ಬತ್ತದೆ, ಬತ್ತದೆ" ಎಂದರು. ಅವಳು ಓಡಿ ಒಲೆಯ ಬೆಂಕಿ ಎಳೆದು ಹಗ್ಗದ ಈಚೆಗೆ ಬರುವಷ್ಟರಲ್ಲಿ ಢಬ್ ಎಂದಿತು. ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿ, ಅದರ ಹಿಂದೆಯೇ ಬೇಳೆ ಹಳದಿ ಕಾರಂಜಿಯಾಗಿ ಎದ್ದು ಸೂರಿಗೆ ಅಂಟಿತು. ದೊಡ್ಡಮ್ಮನ ಮಲ್ಲಿಗೆ ಹೊಂಬಣ್ಣಕ್ಕೆ ತಿರುಗಿತು. ಕಾಡುಹಂದಿಗೆ ಹೆದರದ ನಾಯಿ ದ್ರಾಕ್ಷಿ ಚಪ್ಪರ ದಾಟಿ ಹೋಯಿತು, ಸಂಜೆಯವರೆಗೆ ಪತ್ತೆಯಿಲ್ಲ!

ಯಾರಿಗೂ ಏನೂ ಆಗಿರಲಿಲ್ಲ. ಆಗದಿದ್ದದ್ದು ತಮ್ಮ ಹಗ್ಗದಿಂದ ಎಂದು ಮಾಮನ ವಾದ.

"ನೋಡ್ದಾ? ಅನುಭವಂ ಇರೋರ ಕೈಲೇ ಇಂಗೆ. ಇಲ್ದೋರ ಕೈಲಿ?"

"ಅನುಭವಂ ಇರೋರು ಸಿಡ್ಸಿದ್ರು. ಇಲ್ದೋಳು ನಾನು ಬೇಡ ಅಂದೆ!"

"ಪಂದ್ಯ ಪಂದ್ಯನೇ. ಬೇಳೆ ಬೇಯ್ಲಿಲ್ಲ."

"ಬೆಂದೈತೆ. ಮೇಲೆ ಐತೆ," ಎಂದು ದೊಡ್ಡಮ್ಮ ಸೂರು ತೋರಿಸಿದರು.

ನಾನು ನಕ್ಕೆ. ಆದರೆ ಅವಳು ನಗಲಿಲ್ಲ. "ಅಪ್ಪಾ, ನಾನು ಓದಿದ್ದೇ ಕರೆಂಟು. ನಮ್ಮ ಮೋಟಾರ್ ರೂಮ್ ಒಳ್ಗೆ ಎಂಗೈತೆ ಅಂತ ಇವತ್ತರ್ಗೂ ನೋಡಿಲ್ಲ. ಟರ್ಕಿಯೋರ್ನ ತಡೀರಿ, ಪರ್ವಾಗಿಲ್ಲ. ನಾನು ನಿಮ್ಮ ಮಗ್ಳಲ್ವಾ?" ಎಂದಳು.

ಅತ್ತೆ ಅಷ್ಟು ಹೊತ್ತೂ ಸುಮ್ಮನೆ ಗೋಡೆಯ ಬೇಳೆ ಒರೆಸುತ್ತಿದ್ದರು. ಅವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಬಟ್ಟೆ ಹಿಡಿದರೂ ಅವೆರಡು ನೆಟ್ಟಗೆ ಹೊರಗೆ ನಿಲ್ಲುತ್ತಿದ್ದವು. ಕುಡುಗೋಲು ತಾಗಿದ್ದು ಎಂದು ಚಿಕ್ಕಂದಿನಿಂದ ಕೇಳಿದ್ದೆವು.

"ಏಳ್ಬುಡಿ ಅವ್ಳಿಗೆ," ಎಂದರು ಅತ್ತೆ.

"ಏನ್ ಏಳೋದು?"

"ಕೈ ಕತೆ."

ಮಾಮ ಸೂರು ನೋಡತೊಡಗಿದರು. ಅತ್ತೆಯೇ ಹೇಳಿದರು, ಯಾರದೋ ಕಥೆಯೆಂಬಂತೆ ನಗುನಗುತ್ತಾ. "ನಾನು ಬಂದ ಒಸ್ತು. ಆಗ್ತಾನೆ ಬಾವಿಗೆ ಮೋಟಾರು ಬಂದಿತ್ತು. ಮನೆಗೆ ಬಂದ ಎಣ್ಣಿನ ಕೈಲೇ ಮೊದ್ಲು ಓಡ್ಬೇಕು, ಸುಭ ಅಂದ್ರು ನಿಮ್ಮಪ್ಪ. ಅರಿಶಿನದ ನೀರು ಚಿಮುಕ್ಸಿ, ಕುಂಕುಮ ಇಟ್ಟು, ಅದೇ ಕೈಲಿ ಸ್ವಿಚ್ ಎತ್ತಿದೆ. ಒದ್ದೆ ಕೈಲಿ ಮುಟ್ಬಾರ್ದು ಅಂತ ಅವ್ರಿಗೂ ತಿಳೀದು, ನನ್ಗೂ ತಿಳೀದು. ಕರೆಂಟು ಇಡ್ಕೊಂಡು ಈ ಎರಡು ಬೆರಳು ಸುಟ್ಟೋದ್ವು. ನನ್ ಜಡೆ ಇಡ್ದು ಎಳ್ದು ಆಚೆ ಎಸೆದ್ರು. ಅದ್ಕೇ ಇವತ್ತು ಇದೀನಿ."

ದೊಡ್ಡಮ್ಮ ತಂಗಿಯ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಗೋಡೆ ಒರೆಸತೊಡಗಿದರು.

"ಮಾರ್ನೇ ದಿನ ಮೋಟಾರು ಕಿತ್ತು ಬಾವಿಗಾಕ್ತೀನಿ ಅಂತ ಒಂಟ್ರು," ಅತ್ತೆ ಮುಂದುವರಿಸಿದರು. "ನಾನೇ ಬೇಡ ಅಂದೆ. ಬಳ್ಳಿ ಒಣ್ಗೋಯ್ತದೆ, ತಿಳ್ದೋರ್ನ ಕೇಳಿ ಕಲ್ತ್ಕೊಳ್ಳಿ ಅಂದೆ. ಕಲ್ತ್ರು. ಆದ್ರೆ ಇನ್ನೊಬ್ರು ಕಲೀದಂಗೆ ಬೀಗ ಆಕ್ಬುಟ್ರು."

ಮಾಮ ಇನ್ನೂ ಮೇಲೆಯೇ ನೋಡುತ್ತಿದ್ದರು. "ಬೇಳೆ ಬೀಳ್ತಾ ಐತೆ," ಎಂದಷ್ಟೇ ಹೇಳಿ ಹೊರಗೆ ಹೋದರು. ಆ ಸಂಜೆ ಟೀ ಅಂಗಡಿಯಲ್ಲಿ ವಾತ್ಯಾರ್ ಬೇಕೆಂದೇ ಟರ್ಕಿಯನ್ನು ಎಳೆದು ತಂದರೂ ಮಾಮ ಬಾಯಿ ಬಿಡಲಿಲ್ಲವಂತೆ. ಅಂಗಡಿಯವನು ಹೆದರಿ ಮನೆಗೆ ಬಂದು ವಿಚಾರಿಸಿಕೊಂಡು ಹೋದ!

ಆಮೇಲೆ ನಡೆದದ್ದನ್ನು ಬರೆಯುವಾಗ ನನಗೆ ಅನುಮಾನ ಕಾಡುತ್ತದೆ. ನಾನೇ ಕಂಡೆನೇ, ಅವಳು ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಆಗಿದೆಯೇ? ಮರುದಿನ ಬೆಳಗ್ಗೆ ಕರೆಂಟು ಬಂದಾಗ ಮಾಮ ಮಗಳನ್ನು ತೋಟಕ್ಕೆ ಕರೆದರು. ಬೀಗ ತೆಗೆದರು. ಅವಳು ಅಭ್ಯಾಸದಂತೆ ಅಂಗೈ ಚಾಚಿದಳು. ಕೈ ಒಣಗಿಯೇ ಇತ್ತು. ಆದರೂ ಮಾಮ ಭುಜದ ಟವೆಲು ತೆಗೆದು ಒರೆಸಿದರು, ಒಂದೊಂದೇ ಬೆರಳು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಬೇಕಾದ್ದಕ್ಕಿಂತ ಬಹಳ ಹೊತ್ತು.

"ಈಗ ಆಕು, ತಾಯಿ."

ಅವಳು ಸ್ಟಾರ್ಟರ್ ಒತ್ತಿದಳು. ಮೋಟಾರು ಗುಡುಗಿತು. ಪೈಪಿನ ಬಾಯಿಂದ ನೀರು ದ್ರಾಕ್ಷಿ ಸಾಲಿಗೆ ಹಾರಿತು.

"ಟರ್ಕಿಗೆ ನಾನೇಳಿದ್ದು ಏಳಿದ್ದೇ," ಎಂದರು ಮಾಮ. "ಅವ್ರ ಕೈ ನಾನು ನೋಡಿಲ್ಲ."

ಅವಳು ತರಬೇತಿಗೆ ಹೊರಟ ದಿನ ನನ್ನ ಡೈರಿಯಲ್ಲಿ "ದಿಂಡಿಗಲ್ ಬಸ್ಸು ತಡ" ಎಂದಷ್ಟೇ ಇದೆ. ಇಂಥ ಡೈರಿ ಬರೆಯಲು ಎಂ.ಎ. ಬೇಕಿತ್ತೇ? ಆದರೆ ಅದರಲ್ಲಿ ಇಲ್ಲದ ಒಂದು ಸಂಗತಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಬಸ್ಸು ತಿರುವು ದಾಟಿದ ಮೇಲೆ ಮಾಮ ಕಣ್ಣೊರೆಸಿಕೊಳ್ಳಲು ಭುಜಕ್ಕೆ ಕೈ ಹಾಕಿದರು. ಭುಜ ಬರಿದಾಗಿತ್ತು. ಟವೆಲು ಅವಳ ಚೀಲದಲ್ಲಿ ಹೋಗಿತ್ತು.